ಮುಟ್ತು, ಇನ್ನು ಮಾತಾಡಿ

ನಮ್ಮ ಮಾವನ ಎತ್ತರ ಐದಡಿಯೂ ದಾಟುವುದಿಲ್ಲ. ಆದರೂ ಊರಿಗೆಲ್ಲ ಅವರು ಆರಡಿ ಮಾವ. ಹಳೆಯ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಗುಂಡಿ ತೋಡುವುದು ಅವರ ಕೆಲಸ. "ಈ ಹೆಸರು ನನ್ನ ಎತ್ತರ ನೋಡಿ ಇಟ್ಟಿದ್ದಲ್ಲ, ನಿಮ್ಮ ಆಳ ನೋಡಿ ಇಟ್ಟಿದ್ದು" ಎಂದು ಹೇಳಿ ಎದುರಿಗಿದ್ದವರ ಮುಖ ಹುಳ್ಳಗೆ ಮಾಡುತ್ತಿದ್ದರು. ಸತ್ತವರ ನಡುವೆ ಬದುಕಿಡೀ ಕಳೆದ ಮನುಷ್ಯನಿಗೆ ಇಷ್ಟು ಬಾಯಿ ಹೇಗೆ ಬಂತೋ, ನನಗಂತೂ ಗೊತ್ತಿಲ್ಲ.

ಕೆಲಸಕ್ಕೆ ನಿಂತರೆ ಮಾತ್ರ ಬೇರೆಯೇ ಮನುಷ್ಯ. ಪೆಟ್ಟಿಗೆ ಇಳಿಸುವಾಗ ಹಗ್ಗ ಹಿಡಿದವರಿಗೆಲ್ಲ ಅವರ ದನಿ ಕೇಳಬೇಕು. ಒಬ್ಬ ಸಡಿಲ ಬಿಟ್ಟರೂ ಪೆಟ್ಟಿಗೆ ವಾಲುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದರು: "ನಾನು ಹೇಳೋವರೆಗೂ ಯಾರೂ ಒಂದು ಮಾತೂ ಆಡಬಾರದು." ಅಳುವವರು ತುಟಿ ಕಚ್ಚಿಕೊಂಡು ನಿಲ್ಲುತ್ತಿದ್ದರು. ಪೆಟ್ಟಿಗೆ ತಳ ಸೇರಿದ ಮೇಲೆ ಮಾವ ಹಗ್ಗ ಮೇಲಕ್ಕೆಳೆದುಕೊಂಡು, "ಮುಟ್ತು, ಇನ್ನು ಮಾತಾಡಿ" ಎನ್ನುತ್ತಿದ್ದರು. ಆಗ ಒಮ್ಮೆಲೇ ಅಳು ಒಡೆಯುತ್ತಿತ್ತು.

ಅವರ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಾಗಲೂ ಗುಂಡಿ ತೋಡಿದ್ದು, ಹಗ್ಗ ಹಿಡಿದಿದ್ದು ಮಾವನೇ. ಬೇಡವೆಂದರೂ ಕೇಳಲಿಲ್ಲ. ಅತ್ತೆ ಗಂಟಲು ಹರಿಯುವಂತೆ ಅಳುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದು ನಿಂತಿದ್ದೆ. ಮಾವ ಅವಳ ಕಡೆ ತಿರುಗಿ, "ನಾನು ಹೇಳೋವರೆಗೂ ಒಂದು ಮಾತೂ ಆಡಬಾರದು" ಎಂದರು, ಅವಳು ಸುಮ್ಮನಾದಳು. ಪೆಟ್ಟಿಗೆ ತಳ ಸೇರುತ್ತಿದ್ದಂತೆ ಮಾವ ಹಗ್ಗ ಕೈಬಿಟ್ಟು ಅಲ್ಲೇ ಕುಸಿದರು. ನಾವೆಲ್ಲ ಅವರನ್ನು ಎತ್ತಿಕೊಂಡು ಮನೆಗೆ ಓಡಿದೆವು.

ಅವತ್ತಿನಿಂದ ಅತ್ತೆ ಬಾಯಿ ಬಿಡಲಿಲ್ಲ. ವರ್ಷಗಳೇ ಕಳೆದವು. ಗಂಟಲಿಗೆ ಏನೂ ಆಗಿಲ್ಲ, ದುಃಖಕ್ಕೆ ಹೀಗಾಗಿದೆ ಎಂದರು ಡಾಕ್ಟರು. ಸೌಟಿನಿಂದ ಪಾತ್ರೆಗೆ ಬಡಿದರೆ ಊಟಕ್ಕೆ ಬನ್ನಿ ಎಂದರ್ಥ, ಜೋರಾಗಿ ಬಡಿದರೆ ಕೈಕಾಲು ತೊಳೆದು ಬನ್ನಿ ಎಂದರ್ಥ. ಮಾವ ಇಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. "ಉಪ್ಪು ಸರಿಯಾಗಿದೆಯಾ ಅಂತೀಯಾ? ಸರಿಯಾಗಿದೆ ಮಾರಾಯ್ತಿ." ಒಂದು ದಿನ ತಟ್ಟೆಯ ಮುಂದೆ ಕೂತು, "ಒಂದೇ ಒಂದ್ಸಲ ಬೈದುಬಿಡೇ, ಸಾಕು" ಎಂದು ಬೇಡಿಕೊಂಡಿದ್ದನ್ನು ನಾನೇ ಕೇಳಿದ್ದೇನೆ. ಅವರಿಗೆ ಬದುಕಿನಲ್ಲಿ ಬೇಕಾಗಿದ್ದು ಅದೊಂದೇ.

ಈಚೆಗೆ ಸ್ಮಶಾನದಲ್ಲಿ ಹೆಣ್ಣುದನಿ ಕೇಳಿಸುತ್ತದೆ ಎಂದು ಸುದ್ದಿ ಹಬ್ಬಿತು. ಹೂವಿಡಲು ಬಂದಿದ್ದ ದರ್ಜಿಯ ಹೆಂಡತಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ದಳಂತೆ. ಜನ ಪ್ರಾರ್ಥನೆಗೆ ಬರುವುದಕ್ಕೂ ಹಿಂದೆಮುಂದೆ ನೋಡತೊಡಗಿದಾಗ, ಫಾದರ್ ಸಂಕೋಚದಿಂದಲೇ ದೆವ್ವ ಹುಡುಕುವವರನ್ನು ಕರೆಸಿದರು. ಬಂದವರು ಗಂಡ ಹೆಂಡತಿ. ಮೈಕು, ವೈರು, ಮಿಣಿಮಿಣಿ ದೀಪದ ಡಬ್ಬಿಗಳು. ಸಮಾಧಿಗಳ ಮೇಲೆಲ್ಲ ಕಾಲಿಟ್ಟು ಓಡಾಡಿದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಕಡೆ ನಿಂತು ಗಂಡ, "ಇಲ್ಲಿ ತಣ್ಣಗಿದೆ" ಎಂದ.

"ಮರದ ನೆರಳು ಸ್ವಾಮಿ. ತಣ್ಣಗಿರದೆ ಬಿಸಿಯಾಗಿರತ್ತಾ?" ಎಂದರು ಮಾವ.

ರಾತ್ರಿ ಉಳಿಯಲು ಫಾದರ್ ಒಪ್ಪಲಿಲ್ಲ. ಹಾಗಾಗಿ ಹಗಲಿಡೀ ಮೈಕು ಇಟ್ಟು, ಸಂಜೆ ಚರ್ಚಿನ ಬೆಂಚಿನ ಮೇಲೆ ನಮ್ಮನ್ನೂ ಕೂರಿಸಿಕೊಂಡು ಕೇಳಿಸಿದರು. ಕಾಗೆ ಕೂಗಿತು. ಗೇಟು ಕಿರುಗುಟ್ಟಿತು. ಆಮೇಲೆ ಏನೋ ಗೊರಗೊರ ಸದ್ದು. ದೆವ್ವದವನ ಕಣ್ಣು ಅರಳಿದವು.

"ಅದು ನಂದು" ಎಂದರು ಮಾವ. "ಊಟ ಆದ್ಮೇಲೆ ಇಲ್ಲೇ ಸಾಮಾನಿನ ಕೋಣೇಲಿ ಮಲಗ್ತೀನಿ."

ಗೊರಕೆಯ ಬೆನ್ನಿಗೇ ಹೆಣ್ಣುದನಿ ಬಂತು. ಒಡಕು ದನಿ, ಮಾತು ಮಾತ್ರ ಸ್ಪಷ್ಟ.

"ನಿಮ್ಮಪ್ಪ ಮಲಗಿದ್ರು, ಬಂದೆ. ನಿನ್ನ ಹತ್ರ ಆಡೋದು ಲೆಕ್ಕಕ್ಕಿಲ್ಲ ಬಿಡು ಮಗಳೇ. ಬೇರೆಯವರ ಹತ್ರ ಹೇಗೆ ಆಡಲಿ? ಪೆಟ್ಟಿಗೆ ಮುಟ್ತು ಅಂತ ಅವರು ಇನ್ನೂ ಹೇಳಿಲ್ಲ. ಅವರು ಹೇಳೋ ಮುಂಚೆ ನಾನು ಬಾಯಿ ಬಿಟ್ಟರೆ ನೀನೆಲ್ಲಿ ವಾಲಿಬಿಡ್ತೀಯೋ ಅಂತ ಭಯ ಕಣೇ."

ನಿಜವಾದ ದೆವ್ವವೇ ಮಾತಾಡಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಅವತ್ತು ಅಷ್ಟು ಜನ ಇದ್ದೆವು. ಮಾವ ಆ ಮಾತು ಹೇಳಲೇ ಇಲ್ಲ ಎಂಬುದು ಇಷ್ಟು ವರ್ಷವಾದರೂ ಒಬ್ಬರಿಗಾದರೂ ಹೊಳೆಯಬಾರದೇ? ಅತ್ತೆಯ ಮೇಲೂ ಸಿಟ್ಟು ಬಂತು. ಒಂದು ಕೈಸನ್ನೆ ಮಾಡಿ ಕೇಳಬಾರದಿತ್ತೇ? ಆದರೆ ಅದು ಕೇಳಿ ಹೇಳಿಸಿಕೊಳ್ಳುವ ಮಾತಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

"ಸಿಕ್ಕಿತು. ಅತೃಪ್ತ ಆತ್ಮ" ಎಂದು ದೆವ್ವದವನು ಪಿಸುಗುಟ್ಟಿದ.

"ಆತ್ಮ ಅಲ್ಲ, ನನ್ನ ಹೆಂಡತಿ" ಎಂದರು ಮಾವ. ಬೆಂಚು ಹಿಡಿದುಕೊಂಡು ಎದ್ದು, ಹೊರಗೆ ನಡೆದರು. ನಾನು ಹಿಂದೆಯೇ ಹೋದೆ.

ಅತ್ತೆ ಒಲೆಯ ಮುಂದೆ ನಿಂತಿದ್ದಳು. ಮಾವ ಮಣ್ಣುಗಾಲಲ್ಲೇ ಅಡುಗೆಮನೆಗೆ ನುಗ್ಗಿ, ಹಗ್ಗ ಹಿಡಿದವರ ಹಾಗೆ ಎರಡೂ ಮುಷ್ಟಿ ಮುಂದೆ ಚಾಚಿದರು. ಆಮೇಲೆ ಮೆಲ್ಲಗೆ ಬೆರಳು ಬಿಚ್ಚಿದರು.

"ಮುಟ್ತು" ಎಂದರು. "ಇನ್ನು ಮಾತಾಡೇ."

ಅತ್ತೆ ಸೌಟು ಕೆಳಗಿಟ್ಟಳು.

"ವಾಲಲಿಲ್ಲ ತಾನೇ?" ಎಂದಳು.

"ಇಲ್ಲ ಕಣೇ. ನೆಟ್ಟಗೆ ಕೂತ್ಕೊಂಡ್ಲು."

ಅವತ್ತು ಅರ್ಧಕ್ಕೆ ನಿಲ್ಲಿಸಿದ್ದ ಅಳುವನ್ನು ಅತ್ತೆ ಅಲ್ಲಿಂದಲೇ ಶುರು ಮಾಡಿದಳು. ನಾನು ಓಡಿಹೋಗಿ ಅವಳ ರಟ್ಟೆ ಹಿಡಿದುಕೊಂಡೆ.