ಡಿಕ್ಕಿಯಲ್ಲಿ ಉಳಿದ ಫ್ಲೈವೀಲ್

ಗುಂಡ್ಲುಪೇಟೆಯ ನನ್ನ ಗ್ಯಾರೇಜಿಗೆ ಹಂಗಳದ ಮಾದಪ್ಪನವರು ಮಗನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ತಂದರು. ಮಗ ಬೈಕಿನಿಂದ ಬಿದ್ದು ಸತ್ತಿದ್ದ. ಯಾರೂ ಮುಚ್ಚದ ರಸ್ತೆಗುಂಡಿ ಅವನನ್ನು ಕೊಂದಿತು. ಅದನ್ನು ವಿಧಿ ಅನ್ನುವವರ ಬಾಯಿಗೆ ಮಣ್ಣು ಹಾಕಬೇಕು. ಎಂಜಿನ್ನಿಗೆಂದು ಅವನು ತರಿಸಿದ್ದ ಹಗುರ ಫ್ಲೈವೀಲ್, ಅಂದರೆ ಎಂಜಿನ್ನಿನ ಓಟ ಹಿಡಿದಿಡುವ ಚಕ್ರ, ಇನ್ನೂ ಡಬ್ಬದಲ್ಲೇ ಇತ್ತು.

"ಇದ್ನ ಹಾಕ್ಬುಡು ಕಣಪ್ಪ. ಅವನಾಸೆ."

"ನಿಮ್ಗೇನು ರೇಸಿಗೆ ಹೋಗ್ಬೇಕಾ ಯಜಮಾನ್ರೇ? ಇದ್ನ ಹಾಕಿದ್ರೆ ಎಂಜಿನ್ ವೇಗ ಬೇಗ ಏರ್ತದೆ, ಆಕ್ಸಿಲರೇಟರ್ ಬಿಟ್ರೆ ತಕ್ಷಣ ಇಳೀತದೆ. ಹೊರಡುವಾಗೆಲ್ಲ ಎಂಜಿನ್ ತಾನೇ ಆಫ್ ಆಗ್ತದೆ. ಕಾರಲ್ಲಿರೋ ಹಳೇದು ಭಾರ, ಬಿಟ್ರೂ ಒಂದಷ್ಟು ಹೊತ್ತು ತಿರುಗ್ತದೆ."

ಅವರು ಡಬ್ಬದ ಮೇಲೆ ಕೈಯಿಟ್ಟರು.

"ತಿರುಗೋದೇ ಇರ್ಲಿ ಬುಡು. ಇದ್ನ ಡಿಕ್ಕೀಲಿಡು. ಮನೆ ಒಳಕ್ಕೆ ತಕ್ಕೊಂಡೋದ್ರೆ ಅವನ ತಾಯಿ ಅಳ್ತಾಳೆ."

ಕಾರು ಚುರುಕಾಗಲೆಂದು ತರಿಸಿದ ಹಗುರ ಚಕ್ರ, ಕೊನೆಗೆ ಕಾರಿನ ಭಾರವನ್ನೇ ಹೆಚ್ಚಿಸಿತು.