ಬಣ್ಣ ಬಿಟ್ಟ ಕೆಂಪು ಅಂಗಿಗಳು

೧೯೪೩ರ ಮಾತು. ಯುದ್ಧ ನಡೆಯುತ್ತಿತ್ತು. ನಾನು ದೊಡ್ಡಬಳ್ಳಾಪುರದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ನನಗೂ ಒಂದು ಜಾಗವಿತ್ತು. ಅದು ದೊಡ್ಡ ಗೌರವವೇನಲ್ಲ. ಆ ವರ್ಷ ಆಡಿದ ಪಂದ್ಯಗಳನ್ನೆಲ್ಲ ನಾವು ಸೋತಿದ್ದೆವು. ಮಳೆ ಬಂದು ನಿಂತುಹೋದ ಒಂದನ್ನು ಮಾತ್ರ ಸೋತಿರಲಿಲ್ಲ.

ಚೆಂಡಿನೊಳಗಿನ ರಬ್ಬರ್ ಬ್ಲ್ಯಾಡರ್ ಪೇಟೆಯಲ್ಲಿ ಸಿಗುವುದು ನಿಂತಿತ್ತು. ಪ್ರಿನ್ಸಿಪಾಲರು ನಮ್ಮನ್ನು ಕರೆದು, "ಕಡೇ ಪಂದ್ಯವನ್ನಾದರೂ ಗೆದ್ದರೆ ಮುಂದಿನ ವರ್ಷ ಹೇಗಾದರೂ ಚೆಂಡು ಹುಡುಕಿಸೋಣ. ಇಲ್ಲದಿದ್ದರೆ ಕಬಡ್ಡಿ ಆಡಿ. ಅದಕ್ಕೆ ಗಾಳಿಯೂ ಬೇಡ, ರಬ್ಬರೂ ಬೇಡ" ಎಂದರು.

ಕಾಲೇಜಿನ ಮೈದಾನದಲ್ಲಿ ಸೈನ್ಯದ ಡೇರೆಗಳು ಎದ್ದಿದ್ದವು. ಎದುರಾಳಿ ಕಾಲೇಜಿನದೂ ಅದೇ ಕಥೆ. ಕೊನೆಗೆ ನಮ್ಮೂರ ಹೈಸ್ಕೂಲಿನ ಬಯಲಿನಲ್ಲಿ ಆಡುವುದೆಂದು ನಿಶ್ಚಯವಾಯಿತು. ನಮ್ಮ ಕ್ಯಾಪ್ಟನ್ ನೆಲಮಂಗಲದ ವೆಂಕಟಸ್ವಾಮಿ ನನ್ನ ಹೆಗಲ ಮೇಲೆ ಕೈ ಹಾಕಿದ.

"ಲೇ, ನಿಮ್ಮಪ್ಪ ನೇಯ್ತಾರಲ್ವೇನೋ? ನಮ್ ಅಂಗಿಗಳು ಮೀನಿನ ಬಲೆ ಆಗವೆ. ಏನಾದ್ರೂ ಮಾಡ್ಸು ಕಣೋ. ನಿಮ್ಮೂರಲ್ಲಾದ್ರೂ ಮಾನ ಉಳೀಲಿ."

ಅಪ್ಪನ ಬಳಿ ಸೀರೆಗೆಂದು ತೆಗೆದಿಟ್ಟ ಹತ್ತಿ ನೂಲಿತ್ತು. ಯುದ್ಧ ಶುರುವಾದ ಮೇಲೆ ಜರ್ಮನಿಯ ಬಣ್ಣ ಬರುತ್ತಿರಲಿಲ್ಲ. ಪೇಟೆಯಲ್ಲಿ ಸಿಕ್ಕ ಯಾವುದೋ ಪುಡಿಯಲ್ಲಿ ನೂಲನ್ನು ಕೆಂಪಗೆ ಅದ್ದಿ ಮಗ್ಗಕ್ಕೇರಿಸಿದರು. ಪಕ್ಕದ ಬೀದಿಯ ದರ್ಜಿ ಅಂಗಿ ಹೊಲಿದುಕೊಟ್ಟ. ಅವು ಮನೆಗೆ ಬಂದದ್ದು ಪಂದ್ಯದ ದಿನ ಬೆಳಿಗ್ಗೆ.

"ಈ ಬಣ್ಣನ ನಾನು ನಂಬಲ್ಲ" ಎಂದರು ಅಪ್ಪ. "ಉಪ್ಪುನೀರಲ್ಲಿ ಒಂದ್ಸಲ ಅದ್ದಿ, ನೆರಳಲ್ಲಿ ಒಣಗ್ಸಿ ಆಮೇಲೆ ಹಾಕ್ಕೊಳ್ಳಿ."

ಅವ್ವ ಒಪ್ಪಲಿಲ್ಲ. ಹೊಸ ಬಟ್ಟೆಗೆ ಅರಿಶಿನ ಹಚ್ಚಿ, ಒಮ್ಮೆ ಮೈಮೇಲೆ ಹಾಕಿಕೊಂಡ ನಂತರವೇ ನೀರು ಸೋಕಿಸಬೇಕೆಂಬುದು ಅವಳ ನಿಯಮ. "ಗೆಲ್ಲಕ್ಕೆ ಹೋಗೋ ಹುಡುಗ್ರಿಗೆ ಒಗೆದ ಬಟ್ಟೆ ಕೊಡ್ತಾರಾ?" ಎನ್ನುತ್ತ ಒಂದೊಂದು ಅಂಗಿಯ ಅಂಚಿಗೂ ಅರಿಶಿನ ಮುಟ್ಟಿಸಿ ಮಡಿಸಿಟ್ಟಳು. ಗೆಲುವಿನ ಮಾತು ಬಂದ ಮೇಲೆ ಅಪ್ಪ ವಾದ ಮಾಡಲಿಲ್ಲ.

"ಬಣ್ಣ ಬಿಟ್ರೆ ಮಾತ್ರ ನಾನು ಬೀದೀಲಿ ತಲೆ ಎತ್ತೋ ಹಂಗಿಲ್ಲ" ಎಂದರು. ನೇಕಾರರ ಬೀದಿಯಲ್ಲಿ ಅದು ಸಣ್ಣ ಮಾತಲ್ಲ.

ಬಯಲಿನ ಸುತ್ತ ಊರೇ ಸೇರಿತ್ತು. ಎದುರಾಳಿಗಳು ಅಚ್ಚ ಬಿಳಿ ಅಂಗಿ ತೊಟ್ಟು ಬಂದಿದ್ದರು, ಕಾಲಿಗೆ ಬೂಟು ಬೇರೆ. ನಾವು ಬರಿಗಾಲಿನವರು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಹಯಾತ್ ಸಾಹೇಬರು ರೆಫರಿ. ಊರಿನವರ ಕಡೆಗೆ ವಾಲಿದರೆಂಬ ಮಾತು ಬರಬಾರದೆಂದು ಅವರು ನಮ್ಮ ಯಾವ ಕೂಗಿಗೂ ಕಿವಿಗೊಡುತ್ತಿರಲಿಲ್ಲ.

ಮೊದಲರ್ಧದಲ್ಲೇ ನಾವು ಒಂದು ಗೋಲು ಹೊಡೆದೆವು. ಅಂಗಿಯ ಪ್ರಭಾವವೆಂದೇ ಎಲ್ಲರೂ ನಂಬಿದೆವು. ಎರಡನೆಯ ಅರ್ಧಕ್ಕೆ ತುಂತುರು ಮಳೆ ಹಿಡಿಯಿತು. ನನ್ನ ಮೊಣಕೈಯಿಂದ ಕೆಂಪು ನೀರು ತೊಟ್ಟಿಕ್ಕುವುದನ್ನು ಕಂಡು ಗಾಯವಾಯಿತೆಂದುಕೊಂಡೆ. ನೋಡಿದರೆ ಎಲ್ಲರಿಗೂ ಅದೇ ಗಾಯ.

"ಲಿಂಗಣ್ಣನ ಮಗ್ಗದ್ದು ಕಣ್ರೋ" ಎಂದು ಗುಂಪಿನಿಂದ ಯಾರೋ ಕೂಗಿದರು. "ಆಟ ಮುಗಿಯೋದ್ರೊಳಗೆ ಎಲ್ರೂ ಬಿಳೀ ಟೀಮಾಯ್ತಾರೆ."

ಲಿಂಗಣ್ಣ ನಮ್ಮಪ್ಪ. ಅವರು ಹುಣಸೆಮರದ ಹಿಂದಕ್ಕೆ ಸರಿದು ನಿಂತದ್ದನ್ನು ನಾನು ಆಡುತ್ತಲೇ ನೋಡಿದೆ.

ಅಷ್ಟರಲ್ಲಿ ನಮ್ಮ ಗೋಲಿನ ಮುಂದೆ ಎದುರಾಳಿಯೊಬ್ಬ ಮುಗ್ಗರಿಸಿ ಬಿದ್ದ. ಅವನ ಹಿಂದೆ ವೆಂಕಟಸ್ವಾಮಿ ಇದ್ದ. "ಮುಟ್ಟೇ ಇಲ್ಲ ಸಾರ್" ಎಂದ.

ಹಯಾತ್ ಸಾಹೇಬರು ಬಿದ್ದವನನ್ನು ಎಬ್ಬಿಸಿ ತಿರುಗಿಸಿದರು. ಬಿಳಿ ಬೆನ್ನಿನ ಮೇಲೆ ಎರಡು ಕೆಂಪು ಹಸ್ತ ಬೆರಳುಗಳ ಸಮೇತ ಮೂಡಿದ್ದವು.

"ಮುಟ್ಟಿಲ್ವೇನಪ್ಪಾ? ಗೃಹಪ್ರವೇಶದ ಗೋಡೆಗೆ ಒತ್ತಿದಂಗೆ ಒತ್ತಿದೀಯಲ್ಲ" ಎಂದು ಪೆನಾಲ್ಟಿ ಕೊಟ್ಟರು. ನಮ್ಮೂರಿನವರೇ ಬಿದ್ದು ಬಿದ್ದು ನಕ್ಕರು. ಪಂದ್ಯ ಸಮವಾಯಿತು.

ಇನ್ನೇನು ಆಟ ಮುಗಿಯಬೇಕು, ಚೆಂಡು ನನ್ನ ಕಾಲಿಗೆ ಸಿಕ್ಕಿತು. ಅವರ ಕಡೆಯ ಎತ್ತರದ ಆಟಗಾರ ಜಯರಾಜನನ್ನು ದಾಟಿದೆ. ಮುಂದೆ ಗೋಲ್‌ಕೀಪರ್ ಒಬ್ಬನೇ. ಅದೇ ಕ್ಷಣ ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದರು, ನಾನು ಕೆಸರಿನಲ್ಲಿ ಅಂಗಾತ ಬಿದ್ದೆ. ಅಪ್ಪನ ನೇಯ್ಗೆ ಗಟ್ಟಿ, ಒಂದು ಎಳೆಯೂ ಹರಿದಿರಲಿಲ್ಲ. ಎಳೆದರೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಸಾಹೇಬರು ಓಡಿಬಂದರು. ಜಯರಾಜ ಎರಡೂ ಕೈ ಮೇಲೆತ್ತಿ, "ನಾನೇನೂ ಮಾಡಿಲ್ಲ ಸಾರ್, ತಾನೇ ಜಾರಿದ" ಎಂದ.

ಎತ್ತಿದ ಎಡಗೈ ಎಂದಿನಂತಿತ್ತು. ಬಲಗೈ ಅಂಗೈ ತುಂಬ ಕೆಂಪು.

ಮೊದಲು ನಕ್ಕದ್ದು ಅವನ ತಂಡದವರೇ. ಜಯರಾಜ ತಲೆಯೆತ್ತಿ ತನ್ನ ಕೈ ನೋಡಿಕೊಂಡು, ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡ.

ವೆಂಕಟಸ್ವಾಮಿ ಚೆಂಡನ್ನು ನನ್ನ ಕೈಗಿತ್ತ. "ನಿಮ್ಮಪ್ಪ ಕೊಡಿಸಿದ ಪೆನಾಲ್ಟಿ, ನೀನೇ ಹೊಡಿ. ತಪ್ಪಿದ್ರೆ ಕಬಡ್ಡಿ, ಗ್ಯಾಪಕ ಇರ್ಲಿ." ಹೊಡೆದೆ. ಚೆಂಡು ಗೋಲ್‌ಕೀಪರನ ಬೆರಳಿಗೆ ತಾಗಿ ಒಳಗೆ ಹೋಯಿತು. ಜನ ನುಗ್ಗಿ ನನ್ನನ್ನು ಎತ್ತಿಕೊಂಡರು. ಎತ್ತಿದವರ ಪಂಚೆ, ಅಂಗಿ ಎಲ್ಲ ಕೆಂಪಾದವು.

ರೈಲು ಬರುವವರೆಗೆ ಎರಡೂ ತಂಡಗಳಿಗೆ ನಮ್ಮ ಮನೆಯಲ್ಲೇ ಊಟ. ಅವ್ವ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಜಯರಾಜ ಹಿತ್ತಲಿನಲ್ಲಿ ಸೀಗೆಪುಡಿ ಹಾಕಿ ಕೈ ತಿಕ್ಕುತ್ತಲೇ ಇದ್ದ. ಅಪ್ಪ ನೀರು ಹಾಕಲು ಹೋದರು. ಬಯಲಿನಿಂದ ಬಂದ ಮೇಲೆ ಅವರು ತಲೆ ಎತ್ತಿರಲಿಲ್ಲ.

"ಅಂಗೀಲಿ ನಿಲ್ಲದ ಬಣ್ಣ ನಿಮ್ ಕೈಲಿ ನಿಂತ್ಬಿಡ್ತಲ್ಲಪ್ಪಾ" ಎಂದರು.

"ನಾಳೆ ಕಾಲೇಜಲ್ಲಿ ಏನಂತ ಹೇಳ್ಲಿ ಯಜಮಾನ್ರೇ?"

"ಮದುವೆ ಮನೆಗೆ ಹೋಗಿದ್ದೆ, ಗೋರಂಟಿ ಹಾಕಿದ್ರು ಅನ್ನಿ" ಎಂದು ಅಪ್ಪ ತಾವೇ ನಕ್ಕುಬಿಟ್ಟರು. ಆ ನಗು ಕೇಳಿ ನನಗೆ ಗೋಲು ಹೊಡೆದಾಗ ಆಗದಷ್ಟು ಸಮಾಧಾನವಾಯಿತು.

ಮರುದಿನ ಅವರೇ ಅಂಗಿಗಳನ್ನೆಲ್ಲ ಉಪ್ಪುನೀರಿಗೆ ಹಾಕಿದರು. ಅವ್ವ ತಡೆಯಲಿಲ್ಲ. ಅವು ತೆಳು ಗುಲಾಬಿ ಬಣ್ಣಕ್ಕೆ ಬಂದು ಅಲ್ಲಿಗೇ ನಿಂತವು. ಪ್ರಿನ್ಸಿಪಾಲರು ಮಾತು ಉಳಿಸಿಕೊಂಡರು. ಮುಂದಿನ ವರ್ಷ ತೇಪೆ ಹಾಕಿದ ಬ್ಲ್ಯಾಡರಿನ ಚೆಂಡಿನಲ್ಲಿ, ಗುಲಾಬಿ ಅಂಗಿ ತೊಟ್ಟು ಆಡಿದೆವು, ಎಂದಿನಂತೆ ಸೋತೆವು.

ನಂತರ ನಾನು ಪತ್ರಿಕೆಯೊಂದರಲ್ಲಿ ವರದಿಗಾರನಾಗಿ ಬಹಳ ವರ್ಷ ದುಡಿದೆ. ಎರಡೂ ಕೈ ಎತ್ತಿ "ನಾನೇನೂ ಮಾಡಿಲ್ಲ" ಎನ್ನುವ ದೊಡ್ಡವರನ್ನು, ಸಣ್ಣವರನ್ನು ಸಾಕಷ್ಟು ಕಂಡಿದ್ದೇನೆ. ಈಗಲೂ ಹಾಗೆ ಯಾರಾದರೂ ಕೈ ಎತ್ತಿದರೆ ನಾನು ಮುಖ ನೋಡುವುದಿಲ್ಲ, ಮೊದಲು ಬಲಗೈಯ ಅಂಗೈ ನೋಡುತ್ತೇನೆ.