ಜರ್ಮನ್ ಹಡಗಿನ ಶಿಲುಬೆ, ಕಾಪುವಿನ ದೋಣಿ

ಮೊನ್ನೆ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಸುವಾಗ ಟರ್ಪಂಟೈನಿನ ವಾಸನೆ ಅಡುಗೆಮನೆಯವರೆಗೂ ಬಂತು. ಒಲೆ ಆರಿಸಿ ಸುಮ್ಮನೆ ನಿಂತುಬಿಟ್ಟೆ. ಕಲ್ಯಾಣಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಾಪ್ಪುವಿನ ಅಂಗಿಯಲ್ಲಿ ಸದಾ ಇದೇ ವಾಸನೆ...

ಬಾಪ್ಪು ಎಂದರೆ ಕೊಂಕಣಿಯಲ್ಲಿ ಚಿಕ್ಕಪ್ಪ. ಅವರು ಕ್ರೈಸ್ತರು, ನಾವು ತುಳುವರು. ಆದರೂ ನಮಗೆಲ್ಲ ಅವರು ಬಾಪ್ಪುವೇ. ಬೊಂಬಾಯಿಯ ಬಂದರಿನಲ್ಲಿ ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದವರು ಎಪ್ಪತ್ತರ ದಶಕದ ಕೊನೆಗೆ ಊರಿಗೆ ಮರಳಿ ದೋಣಿಗಳಿಗೆ ಬಣ್ಣ ಹೊಡೆಯತೊಡಗಿದ್ದರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರ ವಯಸ್ಸಾದ ತಾಯಿ ಮಾತ್ರ. ಆಕೆಯ ಹಿರಿಯ ಮಗ ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಸರಕು ಹಡಗಿನ ಅಡುಗೆಯವನಾಗಿದ್ದ. ಆ ಹಡಗನ್ನು ಜರ್ಮನರು ಮುಳುಗಿಸಿದರು. ಹೆಣ ಸಿಗಲಿಲ್ಲ. ಕಣ್ಣಾರೆ ಕಾಣದೆ ಹೇಗೆ ನಂಬುವುದೆಂದು ತಾಯಿ ಅವನ ಆತ್ಮಶಾಂತಿಗಾಗಿ ಇಗರ್ಜಿಯಲ್ಲಿ, ಅಂದರೆ ಊರಿನ ಚರ್ಚಿನಲ್ಲಿ, ಒಂದು ಪೂಜೆ ಹೇಳಿಸಲೂ ಬಿಟ್ಟಿರಲಿಲ್ಲ.

ನಾನಾಗ ಹೊಸದಾಗಿ ಶಾಲೆಯಲ್ಲಿ ಟೀಚರಾಗಿದ್ದೆ. ಒಂದು ಸಂಜೆ ಬಾಪ್ಪು ಜಗಲಿಯಲ್ಲಿ ಕುಳಿತು, ತಾವು ಅಲ್ಲಿದ್ದಾಗ ಬೊಂಬಾಯಿಗೆ ಬಂದಿದ್ದ ಜರ್ಮನ್ ಯುದ್ಧನೌಕೆಯೊಂದರ ಕಥೆ ಹೇಳಿದರು. ಅದರ ಮೂತಿಯ ಮೇಲೆ ಕಬ್ಬಿಣದ ಶಿಲುಬೆ ಇತ್ತಂತೆ. ಅದೇ ಹೆಸರಿನ ಹಳೆಯ ಹಡಗು ಯುದ್ಧವೊಂದರಲ್ಲಿ ಮುಳುಗಿತ್ತು. ಅದರಲ್ಲಿ ಸತ್ತವರ ನೆನಪಿಗೆ ಹೊಸ ಹಡಗಿಗೂ ಅದೇ ಹೆಸರು, ಆ ಶಿಲುಬೆ.

"ಮೊದಲು ನನಗೆ ಸಿಟ್ಟು ಬಂತು ಬಾಯೆ," ಎಂದರು. "ಅಣ್ಣನನ್ನು ಮುಳುಗಿಸಿದವರು ಅಲ್ವಾ? ಆಮೇಲೆ ಅಂದುಕೊಂಡೆ, ಅವರ ತಾಯಂದಿರಿಗೂ ಹೆಣ ಸಿಕ್ಕಿರಲಿಕ್ಕಿಲ್ಲ. ಅವರಿಗೆ ಒಂದು ಹೆಸರಾದರೂ ಉಂಟು. ನಮಗೆ ಎಂತ ಉಂಟು?"

ಕೆಲವು ದಿನಗಳ ನಂತರ ಕಾಪುವಿನಲ್ಲಿ ಹೊಸ ದೋಣಿಯೊಂದಕ್ಕೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿತು. ಮೂತಿಯ ಹತ್ತಿರ ಅಣ್ಣನ ಹೆಸರನ್ನು ಸಣ್ಣದಾಗಿ ಬರೆಯಲೇ ಎಂದು ಬಾಪ್ಪು ದೋಣಿಯವರನ್ನು ಕೇಳಿದರು.

"ಸತ್ತವರ ಹೆಸರು ಬರೆದು ದೋಣಿಯನ್ನು ಕಡಲಿಗೆ ಇಳಿಸುವುದು ಹೇಗೆ ಮಾರಾಯ್ರೆ?" ಎಂದರು ಅವರು. ಬಾಪ್ಪು ಜರ್ಮನ್ ಹಡಗಿನ ಕಥೆಯನ್ನೆಲ್ಲ ಹೇಳಿದರಂತೆ. ಕೊನೆಗೆ ದೋಣಿಯವರು, "ಕಡಲಿಗೆ ಹೋದವರು ಅಂದ ಮೇಲೆ ನಮ್ಮವರೇ. ಬರೆಯಿರಿ," ಎಂದರು.

ಮರುದಿನ ಬಾಪ್ಪು ಹೆಸರು ಬರೆಯುತ್ತಿದ್ದಾಗ ಅವರ ತಾಯಿಯನ್ನು ಬಸ್ಸಿನಲ್ಲಿ ಕಾಪುವಿಗೆ ಕರೆದುಕೊಂಡು ಹೋದವಳು ನಾನೇ. ಆಕೆಗೆ ಓದು ಬರುತ್ತಿರಲಿಲ್ಲ, ಕಣ್ಣೂ ಮಂಜಾಗಿತ್ತು. "ಅವನ ಹೆಸರು ಎಲ್ಲಿಂದ ಶುರು?" ಎಂದು ಕೇಳಿದರು. ನಾನು ಅವರ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟೆ.

"ಅಮ್ಮಾ, ಒಣಗಿಲ್ಲ!" ಎಂದು ಬಾಪ್ಪು ಕೂಗುವಷ್ಟರಲ್ಲಿ ಬೆರಳು ಕೊನೆಯ ಅಕ್ಷರದವರೆಗೂ ಹೋಗಿಯಾಗಿತ್ತು. ಒರೆಸಲು ಬಟ್ಟೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಬಿಳಿ ಬಣ್ಣ ಮೆತ್ತಿದ ಆ ಬೆರಳನ್ನು ಯಾವುದಕ್ಕೂ ತಾಗಿಸದೆ, ಎತ್ತಿ ಹಿಡಿದುಕೊಂಡೇ ವಾಪಸು ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕುಳಿತಿದ್ದರು. ಕಲ್ಯಾಣಪುರದಲ್ಲಿ ಇಳಿಯುವಾಗ ಮಗನಿಗೆ ಮೆಲ್ಲಗೆ ಹೇಳಿದರು:

"ಪಾದ್ರಿಗಳಿಗೆ ಹೇಳು. ಅವನಿಗೆ ಒಂದು ಪೂಜೆ ಇಡಲಿ."

ಬಾಪ್ಪು ರಸ್ತೆಯ ಬದಿಯಲ್ಲೇ ಕುಳಿತು ಅತ್ತರು.

ತಾಯಿ ಹೋದರು, ಕೆಲವು ವರ್ಷಗಳಲ್ಲಿ ಬಾಪ್ಪುವೂ ಹೋದರು... ಆ ದೋಣಿಯನ್ನೂ ಒಡೆದರೆಂದು ಕೇಳಿದ್ದೇನೆ. ಆ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ನಾನು ಕಾಣದ ಆ ಅಣ್ಣನ ಹೆಸರು ಗೊತ್ತಿರುವವಳು ಈಗ ಬಹುಶಃ ನಾನೊಬ್ಬಳೇ.